ಜನ ಬಗ್ಗಬೇಕು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಪ್ರೆಸ್ಸಿನಲ್ಲಿ ಬರೀ ವಿಸಿಟಿಂಗ್ ಕಾರ್ಡಿನ ಡಿಸೈನು. ಹಲ್ಲಿನ ಡಾಕ್ಟರದು ಮತ್ತೆ ತಿದ್ದುಪಡಿ. ಹಲ್ಲಿನ ಚಿತ್ರ ನಗುತ್ತಿರಬೇಕಂತೆ. ಹಲ್ಲು ಹೇಗೆ ನಗುತ್ತದೆ, ಬಾಯಿ ತಾನೇ ನಗಬೇಕು? ಹೇಳಲಿಲ್ಲ. ನಗಿಸಿ ಕಳಿಸಿದೆ.

ಊಟದ ಹೊತ್ತಿಗೆ ಹಾಸಿಗೆ ಅಂಗಡಿಯವನು ಬಂದ. ಸರ್ಕಲ್ಲಿನಲ್ಲಿ ಹೊಸ ಶೋರೂಮ್ ತೆರೆಯುತ್ತಿದ್ದಾನೆ. ಕೂತಲ್ಲಿ ಕೂರುವ ಜಾಯಮಾನವಲ್ಲ, ಕುರ್ಚಿಯಿಂದ ಪುಟಿಯುತ್ತಲೇ ಇರುತ್ತಾನೆ. ಸ್ಪ್ರಿಂಗ್ ಅಂತ ಹೆಸರಿಟ್ಟವಳು ನಾನೇ. ಈಗ ಪ್ರೆಸ್ಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಭಾವನೊಬ್ಬರನ್ನು ಬಿಟ್ಟು. ಭಾವ 'ಯಜಮಾನರೇ' ಅನ್ನುತ್ತಾರೆ. ಪ್ರೆಸ್ಸಿನ ಯಜಮಾನರು ತಾವು ಅನ್ನುವುದೇ ಮರೆತುಹೋದ ಹಾಗೆ.

ಸ್ಪ್ರಿಂಗ್ ಜೇಬಿನಿಂದ ಒಂದು ದೊಡ್ಡ ನೋಟು ತೆಗೆದ. ನಡುವೆ ಮಡಚಿದ. ನೆಲಕ್ಕೆ ಹಾಕಿದ. ಕಟಿಂಗ್ ಮಷಿನ್ ನಡೆಸುವ ಕೆಲಸದವ, ನಮ್ಮ ಮಷಿನ್ ಅಣ್ಣ, ತಟ್ಟನೆ ಬಗ್ಗಿ ಎತ್ತಿ, "ಸಾರ್, ಬಿತ್ತು" ಅಂತ ಕೊಟ್ಟ.

ಸ್ಪ್ರಿಂಗ್ ಚಪ್ಪಾಳೆ ತಟ್ಟಿದ. "ನೋಡಿದ್ರಾ? ಇದೇ. ನಂಗೆ ಬೇಕಾಗಿರೋದು ಇದೇ. ಜನ ಬಗ್ಗಬೇಕು."

ಅವನ ಐಡಿಯಾ ಇಷ್ಟು: ಹ್ಯಾಂಡ್‌ಬಿಲ್. ಮಡಚಿದರೆ ಹೊರಗೆ ನೋಟಿನ ಅರ್ಧ, ಥೇಟ್ ನೋಟೇ. ಬಿಚ್ಚಿದರೆ ಒಳಗೆ ಹಾಸಿಗೆ, ದಿಂಬು, ರಿಯಾಯಿತಿ. ಹಂಚುವುದು ಬೇಡ, ರಸ್ತೆಯಲ್ಲಿ ಚೆಲ್ಲಿದರೆ ಸಾಕು. ಕೈಗೆ ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ನೆಲದಲ್ಲಿದ್ದರೆ ಓಡಿ ಬರುತ್ತಾರೆ... ಅವನ ಮಾತು.

ಮಷಿನ್ ಅಣ್ಣನ ಮುಖ ನೋಡಿದೆ. ವಾಪಸ್ ಕೊಡಲು ಬಗ್ಗಿದ ಮನುಷ್ಯ. ಅವನನ್ನೇ ಮಾದರಿ ಮಾಡಿಬಿಟ್ಟ. ಅಣ್ಣ ಮಷಿನ್ನಿನ ಹಿಂದೆ ಹೋದ.

ನೋಟಿನ ಹಾಗೆ ಪ್ರಿಂಟ್ ಮಾಡಬಾರದು, ಕಾನೂನಿದೆ ಅಂದೆ. ಭಾವ ಕೆಮ್ಮಿದರು. ಆ ಕೆಮ್ಮಿಗೆ ಅರ್ಥ 'ಬಾಯಿ ಮುಚ್ಚು'.

ಮಾರ್ಚ್ 4, ಮಂಗಳವಾರ

ಕಾನೂನು ಹುಡುಕಿ ಓದಿದೆ. ನೋಟನ್ನು ಹೋಲುವ ಕಾಗದ, ನೋಡಿದವರು ಮೋಸಹೋಗುವಷ್ಟು ಹೋಲುವ ಕಾಗದ, ಮಾಡಬಾರದು, ಮಾಡಿಸಬಾರದು, ಹಂಚಬಾರದು. ಜಾಹೀರಾತಾದರೂ ಅಷ್ಟೇ, ತಮಾಷೆಗಾದರೂ ಅಷ್ಟೇ. ಅದರ ಮೇಲೆ ಹೆಸರಿರುವವನನ್ನು ಪೊಲೀಸರು 'ಪ್ರಿಂಟ್ ಮಾಡಿದ್ದು ಯಾರು' ಅಂತ ಕೇಳಿದರೆ ಹೇಳಲೇಬೇಕು, ಬಚ್ಚಿಟ್ಟರೆ ಅದೂ ಅಪರಾಧ. ಪರವಾಗಿಲ್ಲ, ಬರೆದವನಿಗೆ ತಲೆಯಿತ್ತು ಅಂದುಕೊಂಡೆ. ಕೆಳಗೆ ಶಿಕ್ಷೆ ನೋಡಿದೆ. ದಂಡ. ಎಷ್ಟು ಅಂದರೆ — ಸಾಧಾರಣ ಹೋಟೆಲಿನಲ್ಲಿ ಒಬ್ಬರ ಊಟ. ಯಾವ ಕಾಲದ ಲೆಕ್ಕವೋ.

ಅದರ ಹಿಂದಿನ ಪುಟದಲ್ಲಿ ಇನ್ನೊಂದು. ಖೋಟಾ ಎಂದು ಗೊತ್ತಿದ್ದೂ ಅದನ್ನು ನಿಜದ ನೋಟೆಂದು ಚಲಾಯಿಸಿದರೆ ವರ್ಷಗಟ್ಟಲೆ ಜೈಲು.

ಭಾವನಿಗೆ ತೋರಿಸಿದೆ. ದಂಡದ ಸಾಲು ಓದಿ ಜೋರಾಗಿ ನಕ್ಕರು. ಇದಕ್ಕೆ ಹೆದರೋದಾ, ಇದನ್ನೂ ಬಿಲ್ಲಿಗೆ ಸೇರಿಸಿದರಾಯಿತು ಅಂದರು.

 ದಂಡ ಕಡಿಮೆ ಅನ್ನುವುದು ತಪ್ಪು ಮಾಡಲು ರಹದಾರಿ ಆಗಿಬಿಟ್ಟಿತಲ್ಲ.

ಮಾರ್ಚ್ 5, ಬುಧವಾರ

ಅಕ್ಕ ಮೇಲೆ ಬಂದಿದ್ದಳು. ಒಗೆದ ಬಟ್ಟೆ ಕೊಡುವ ನೆಪ. ನನ್ನ ಮಂಚದ ಮೇಲೆ ಕೂತು ಟವೆಲ್ಲು ಮಡಚಿದಳು, ಮತ್ತೆ ಬಿಚ್ಚಿ ಮಡಚಿದಳು. ಆಗಲೇ ಗೊತ್ತಾಯಿತು.

ಹೊಸ ಪ್ರೆಸ್ಸುಗಳು ಬಂದಮೇಲೆ ಕೆಲಸ ಅರ್ಧಕ್ಕರ್ಧ ಹೋಗಿದೆ, ಸ್ಪ್ರಿಂಗ್ ಒಪ್ಪಿದರೆ ವರ್ಷವಿಡೀ ಅವನ ಕೆಲಸ ನಮ್ಮದೇ, ಭಾವನಿಗೆ ಬಿ.ಪಿ. ಬೇರೆ ಅಂದಳು. ಎಲ್ಲ ನಿಜ. ನನಗೂ ಗೊತ್ತಿರುವುದೇ. ಅವಳ ಬಾಯಲ್ಲಿ ಹೇಳಿಸಿದರಲ್ಲ, ಅದು ಚುಚ್ಚಿತು. ಸ್ವತಃ ಬರಲು ಭಾವನಿಗೆ ಕಾಲು ನೋವೇ?

ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅಕ್ಕ. ಕೆಲಸ ಕಲಿಸಿದ್ದು ಭಾವ. ಮಹಡಿ ಮೇಲಿನ ಈ ಕೋಣೆ, ಈ ಮಂಚ, ಈ ಟವೆಲ್ಲು ಅವರದೇ. ಅವಳು ಅದನ್ನೆಲ್ಲ ಎತ್ತಿ ಆಡುವವಳಲ್ಲ. ಆಡದೆ ಇದ್ದದ್ದೇ ಭಾರವಾಯಿತು.

ಒಂದು ಷರತ್ತು ಹಾಕಿದೆ. ನೋಟಿನ ಮೇಲೆ ಅಡ್ಡಲಾಗಿ ದಪ್ಪಕ್ಷರದಲ್ಲಿ 'ಮಾದರಿ' ಅಂತ ಇರಬೇಕು. ಅಕ್ಕ ಹೂಂ ಅಂದಳು. ಅವಳಿಗೇನು ಅಧಿಕಾರ ಹೂಂ ಅನ್ನಲು!

ಮಾರ್ಚ್ 7, ಶುಕ್ರವಾರ

ಮುಗಿಸಿದೆ.

ಬರೆದಿಡುತ್ತೇನೆ, ಬೇರೆ ಯಾರ ಹತ್ತಿರ ಹೇಳಲಿ. ಆ ಸಣ್ಣ ಅಲೆಗೆರೆಗಳಿವೆಯಲ್ಲ, ಒಂದರೊಳಗೊಂದು ಹೆಣೆದುಕೊಂಡು ಹೂವಾಗುವ ಗೆರೆಗಳು, ಅವನ್ನು ಎಳೆಯುತ್ತಾ ಕೂತಾಗ ಖುಷಿಯಾಯಿತು. ಚಹಾ ಆರಿದ್ದು ಗೊತ್ತಾಗಲಿಲ್ಲ. ನಗುವ ಹಲ್ಲು, ಹಾರುವ ಕೊಡೆ ಮಾಡಿ ಮಾಡಿ ಕೈ ಜಡ್ಡುಗಟ್ಟಿತ್ತು. ಈ ಕೆಲಸ ಕೈಗೆ ಸಾಣೆ ಹಿಡಿದಂತಾಯಿತು. ಬಣ್ಣ ಕೂರಿಸಿ ದೂರ ನಿಂತು ನೋಡಿ 'ಆಹಾ' ಅಂದುಕೊಂಡೆ. ಥೂ.

ಮೊದಲ ಪ್ರೂಫ್ ನೋಡಲು ಸ್ಪ್ರಿಂಗ್ ಬಂದ. 'ಮಾದರಿ' ಮೇಲೆ ಬೆರಳಿಟ್ಟ. "ಇದು ಯಾಕೆ? ಇದಿದ್ರೆ ಯಾವ ನನ್ಮಗ ಬಗ್ತಾನೆ?" ತೆಗೆಯಿರಿ ಅಂದ. ನಾನು ತೆಗೆಯಲ್ಲ ಅಂದೆ. ಭಾವ ನನ್ನ ಕುರ್ಚಿ ಪಕ್ಕ ಬಗ್ಗಿ, ಮೌಸ್ ಹಿಡಿದು, ಅಳಿಸಿಬಿಟ್ಟರು. ಒಂದೇ ಒತ್ತು. ಕೆಳಗಿದ್ದ ಪ್ರೆಸ್ಸಿನ ಹೆಸರನ್ನೂ ಅಳಿಸಿದರು. ಪ್ರೂಫನ್ನು ಸ್ಪ್ರಿಂಗ್ ಮಡಚಿ ಜೇಬಿಗಿಟ್ಟುಕೊಂಡ. ನೆನಪಿಗಂತೆ.

ಅಳಿಸಿದ್ದು ನನ್ನ ಕೈಯಲ್ಲ ಅನ್ನುವ ಸಮಾಧಾನ ಸ್ವಲ್ಪ ಹೊತ್ತು ಇತ್ತು. ಎಂಥ ಅಗ್ಗದ ಸಮಾಧಾನ.

ಮಾರ್ಚ್ 12, ಬುಧವಾರ

ಇವತ್ತು ಚೆಲ್ಲಿದರು. ಬಸ್ ಸ್ಟ್ಯಾಂಡು, ಸರ್ಕಲ್ಲು, ಮಾರ್ಕೆಟ್ ರಸ್ತೆ.

ಬಸ್ಸಿಳಿದವಳು ಅಲ್ಲೇ ನಿಂತೆ. ಹೋಗಿಬಿಡಬೇಕಿತ್ತು. ಕಾಲು ಬರಲಿಲ್ಲ.

ಜನ ಬಗ್ಗಿದರು. ಸುಮ್ಮನೆ ಬಗ್ಗುವುದಿಲ್ಲ. ಮೊದಲು ಅತ್ತಿತ್ತ ನೋಟ. ಆಮೇಲೆ ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ, ಕರ್ಚೀಫು ಬೀಳಿಸುವ ನಾಟಕ. ಟೈ ಕಟ್ಟಿದವನೊಬ್ಬ ಬೂಟು ಕಾಲಿನಿಂದ ಒತ್ತಿ ಹಿಡಿದು, ಫೋನಿನಲ್ಲಿ ಮಾತಾಡುವವನಂತೆ ನಿಂತಿದ್ದ — ಜನ ಕರಗಲಿ ಅಂತ. ಬಸುರಿ ಹೆಂಗಸೊಬ್ಬಳು ಗೋಡೆ ಹಿಡಿದು ಕಷ್ಟಪಟ್ಟು ಕುಕ್ಕರಿಸಿದಳು. ಬಿಚ್ಚಿದಳು. ಹಾಸಿಗೆ. ಏಳಲು ಯಾರೂ ಕೈ ಕೊಡಲಿಲ್ಲ. ನಾನು ಹೋಗುವಷ್ಟರಲ್ಲಿ ತಾನೇ ಎದ್ದಿದ್ದಳು. ನನ್ನ ಮುಖ ನೋಡದೆ ಬಸ್ಸು ಹತ್ತಿದಳು.

ಬಿಚ್ಚಿದ ಕೂಡಲೇ ಎಲ್ಲರ ಮುಖವೂ ಒಂದೇ ಥರ ಆಗುತ್ತದೆ. ಮುದುಡಿ, ಕೆಂಪಾಗಿ, ಯಾರಾದರೂ ನೋಡಿದರೇ ಅಂತ ಹುಡುಕುವ ಕಣ್ಣು. ಆಮೇಲೆ ಎಸೆದು ಬೇಗಬೇಗ ನಡೆಯುವುದು. ಎಸೆದದ್ದು ಮತ್ತೆ ಮಡಚಿಕೊಂಡು ಬಿದ್ದರೆ ಇನ್ನೊಬ್ಬರು ಬಗ್ಗುತ್ತಾರೆ.

ಎದುರು ಚಹಾ ಅಂಗಡಿಯಲ್ಲಿ ಸ್ಪ್ರಿಂಗ್. ಗ್ಲಾಸು ಹಿಡಿದು ಪುಟಿಯುತ್ತಿದ್ದ. ನನ್ನನ್ನು ಕಂಡು ಹೆಬ್ಬೆರಳೆತ್ತಿದ, ಪಾಲುದಾರಳಿಗೆ ತೋರಿಸುವ ಹಾಗೆ.

ಮನೆಗೆ ಬಂದು ಕೈ ತೊಳೆದೆ. ಏನನ್ನೂ ಮುಟ್ಟಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಪ್ರೆಸ್ಸಿನ ಹೊರಗಿನ ಮೂಲೆಯಲ್ಲಿ ಹಣ್ಣಿನಮ್ಮನ ಗಾಡಿ ಇಲ್ಲ. ನಿನ್ನೆಯೂ ಇರಲಿಲ್ಲ. ಜ್ವರ ಬಂದಾಗ ಬಿಟ್ಟರೆ ಒಂದು ದಿನವೂ ತಪ್ಪಿಸಿದವಳಲ್ಲ. 'ಬಾ ಮಗಳೇ, ದ್ರಾಕ್ಷಿ ನಿನ್ನಂಗೇ ಇದೆ ಇವತ್ತು, ಸ್ವಲ್ಪ ಹುಳಿ' ಅಂತ ಕೂಗದೆ ನನ್ನನ್ನು ಒಳಗೆ ಬಿಟ್ಟವಳಲ್ಲ.

ಮಷಿನ್ ಅಣ್ಣ ಹೇಳಿದ. ಪೊಲೀಸರು ಹಿಡಿದಿದ್ದಾರೆ. ಬುಧವಾರ ಸಂಜೆ ಮಬ್ಬಿನಲ್ಲಿ ಗಾಡಿಯ ಹತ್ತಿರ ಗುಂಪಿದ್ದಾಗ ಯಾರೋ ಮಡಚಿದ ನೋಟು ಕೊಟ್ಟು ಹಣ್ಣು ಕಟ್ಟಿಸಿಕೊಂಡು ಹೋಗಿದ್ದಾರೆ. ಒಬ್ಬನಿಗೆ ದಾರಿ ಸಿಕ್ಕಿತು ಅಂದಮೇಲೆ ಅವನ ಗೆಳೆಯರೂ ಬಂದಿರಬೇಕು. ಅವಳು ಸೊಂಟದ ಚೀಲಕ್ಕೆ ತುರುಕಿದ್ದಾಳೆ. ನಿನ್ನೆ ಬೆಳಕು ಹರಿಯುವ ಮುಂಚೆ ಸಗಟು ಮಂಡಿಯಲ್ಲಿ ಹಣ್ಣು ಕೊಳ್ಳುವಾಗ ಚೀಲದ್ದನ್ನೆಲ್ಲ ಕೊಟ್ಟಿದ್ದಾಳೆ. ಮಂಡಿಯವನು ಬಿಚ್ಚಿ ನೋಡಿದ್ದಾನೆ. ಒಂದಾಗಿದ್ದರೆ ಬೈದು ಬಿಡುತ್ತಿದ್ದನೋ ಏನೋ. ಹಲವು ಇದ್ದವಲ್ಲ... ಬೇಕಂತಲೇ ತಂದಿದ್ದಾಳೆ ಅಂತ ಕೂಗಾಡಿ, ಗಾಡಿ ತಡೆದು, ಪೊಲೀಸರನ್ನು ಕರೆಸಿದ್ದಾನೆ.

ಅಂದರೆ ಹಿಂದಿನ ಪುಟದ ಕಾನೂನು ಅವಳಿಗೆ. ವರ್ಷಗಟ್ಟಲೆಯದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅದೇ ದಿನ, ಸಂಜೆ

ಸ್ಪ್ರಿಂಗ್ ಬಂದಿದ್ದ. ಗಾಜಿನ ಕೋಣೆಯಲ್ಲಿ ಭಾವನ ಜೊತೆ ಪಿಸಪಿಸ. ಅವನನ್ನು ಸ್ಟೇಷನ್ನಿಗೆ ಕರೆಸಿದ್ದರಂತೆ. ಆ ಪ್ರೂಫ್ ತೋರಿಸಿದ್ದಾನೆ, 'ಮಾದರಿ' ಅಂತ ದಪ್ಪಕ್ಷರ ಇರುವುದನ್ನು. ನಾನು ಚೆಲ್ಲಿಸಿದ್ದು ಇದು, ಆ ಹೆಂಗಸಿನ ಹತ್ತಿರ ಸಿಕ್ಕಿದ್ದು ಬೇರೆ, ಯಾರೋ ನನ್ನ ಜಾಹೀರಾತನ್ನೇ ಕದ್ದು ಖೋಟಾ ಮಾಡಿದ್ದಾರೆ ಅಂದಿದ್ದಾನೆ. ಪ್ರಿಂಟ್ ಮಾಡಿದ್ದು ಯಾರು ಅಂದರೆ, ಏಜೆಂಟ್ ಮೂಲಕ ಮಾಡಿಸಿದ್ದು, ವಿಚಾರಿಸಿ ಹೇಳುತ್ತೇನೆ ಅಂದಿದ್ದಾನೆ.

ನನ್ನ ಷರತ್ತು. ನನ್ನ ದಪ್ಪಕ್ಷರ. ಅದನ್ನೇ ಗುರಾಣಿ ಮಾಡಿಕೊಂಡ.

ಉಳಿದ ಹ್ಯಾಂಡ್‌ಬಿಲ್ಲುಗಳನ್ನೆಲ್ಲ ಭಾವ ಎದುರು ನಿಂತು ತುಂಡು ಮಾಡಿಸಿದರು. ಕಟಿಂಗ್ ಮಷಿನ್ನಿನ ಕೆಳಗೆ ನನ್ನ ಅಲೆಗೆರೆಗಳ ರಾಶಿ. ನನ್ನ ಹತ್ತಿರ ಬಂದು, ಕಂಪ್ಯೂಟರಿನಲ್ಲೂ ಏನೂ ಇರಬಾರದು ಅಂದರು.

"ಹಣ್ಣಿನಮ್ಮ ಒಳಗಿದಾಳೆ ಭಾವ."

"ಬಿಡ್ತಾರೆ. ವಯಸ್ಸಾದೋಳು, ನಾಲ್ಕು ದಿನ ಇಟ್ಕೊಂಡು ಬಿಡ್ತಾರೆ."

"ಬಿಡದೆ ಇದ್ರೆ?"

"ನಾವೇನು ಅವಳಿಗೆ ನೋಟು ಅಂತ ಕೊಟ್ವಾ? ಕೊಟ್ಟವನು ಯಾರೋ, ತಗೊಂಡೋಳು ಅವಳು. ಮಧ್ಯೆ ನಮಗೇನು ಕೆಲಸ?"

ಕೆಟ್ಟ ಮನುಷ್ಯನಲ್ಲ ಭಾವ. ಅದೇ ಅಸಹ್ಯ. ಹಣ್ಣಿನಮ್ಮ ಜ್ವರ ಅಂತ ಮಲಗಿದ್ದಾಗ ಅವಳ ಗಾಡಿ ತಳ್ಳಿ ಪ್ರೆಸ್ಸಿನೊಳಗೆ ನಿಲ್ಲಿಸಿಕೊಂಡವರು ಇವರೇ. ಇವತ್ತು ಅವಳ ಹೆಸರು ಎತ್ತಿದರೆ ಗಡಿಯಾರ ನೋಡುತ್ತಾರೆ.

ಫೈಲು ಅಳಿಸಿದೆ. ಅವರು ನೋಡುತ್ತಾ ನಿಂತಿದ್ದರು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ರಸ್ತೆಯೆಲ್ಲ ಗುಡಿಸಿ ಸ್ವಚ್ಛ. ಚಹಾ ಅಂಗಡಿಯ ಪಕ್ಕದ ಚರಂಡಿಯಲ್ಲಿ ಒಂದು ಕಂಡಿತು, ಎಲೆ ಕಸದ ನಡುವೆ, ಮಡಚಿದ ಹಾಗೇ. ಕುಕ್ಕರಿಸಿ ಕೈ ಹಾಕಿದೆ. ಮೊಣಕೈವರೆಗೆ ಕೊಳಚೆ. ಹಿಂದಿನಿಂದ ಯಾರೋ ಹೇಳಿದರು: "ಮೇಡಂ, ಅದು ಸುಳ್ಳು ನೋಟು. ನಿನ್ನೆ ಮೊನ್ನೆ ನಾವೂ ಬಿದ್ವಿ." ಇನ್ನೊಬ್ಬರ ನಗು.

ಕಿವಿ ಬಿಸಿಯಾಯಿತು. ಬಸುರಿ ಹೆಂಗಸಿನ ಮುಖ ಆಗ ಪೂರ್ತಿ ಅರ್ಥವಾಯಿತು.

ತೊಳೆದು, ಒಣಗಿಸಿ, ಸ್ಟೇಷನ್ನಿಗೆ. ಇನ್ಸ್‌ಪೆಕ್ಟರ್ ನನಗಿಂತ ಚಿಕ್ಕವರು, ನೆಗಡಿ ಹಿಡಿದಿತ್ತು. ಹೇಳಿದೆ: ಇದರ ಚಿತ್ರ ಬರೆದವಳು ನಾನು. ಇಂಥ ಪ್ರೆಸ್ಸು. 'ಮಾದರಿ' ಅಂತ ಇದ್ದದ್ದು ಬರೀ ಪ್ರೂಫಿನಲ್ಲಿ, ತೆಗೆಸಿದ್ದು ಅವನೇ, ಬೀದಿಗೆ ಬಿದ್ದದ್ದೆಲ್ಲ ಇದು. ಚರಂಡಿಯದನ್ನು ಮೇಜಿನ ಮೇಲಿಟ್ಟೆ. ಅವಳ ಚೀಲದಲ್ಲಿ ಸಿಕ್ಕಿದ್ದರ ಪಕ್ಕ ಇಟ್ಟು ನೋಡಿದರು. ಕೊಳೆ ಬಿಟ್ಟರೆ ವ್ಯತ್ಯಾಸವಿಲ್ಲ.

"ನಿಮ್ಮನ್ನ ಯಾರೂ ಕೇಳಿರಲಿಲ್ಲ. ಯಾಕೆ ಬಂದ್ರಿ?"

"ಅವಳಿಗೆ ಕೊಟ್ಟವನಿಗಿಂತ ಮುಂಚೆ ಮೋಸ ಮಾಡಿದ್ದು ನಾನು."

ಮೂಗೊರೆಸಿಕೊಂಡರು. ಭಾವನ ಹೆಸರೂ ಬರೆಯಬೇಕಾಗುತ್ತೆ, ಯೋಚನೆ ಮಾಡಿ ಸಹಿ ಹಾಕಿ ಅಂದರು. ಅಕ್ಕ ಟವೆಲ್ಲು ಮಡಚುತ್ತಿದ್ದದ್ದು ಕಣ್ಣಿಗೆ ಬಂತು. ಸಹಿ ಹಾಕಿದೆ.

ಒಳಗಿನ ಬೆಂಚಿನ ಮೇಲೆ ಹಣ್ಣಿನಮ್ಮ ಕೂತಿದ್ದಳು. ತಲೆ ಮೇಲೆ ಸೆರಗು. ನನ್ನನ್ನು ಕಂಡು ಎದ್ದು ನಿಂತು, "ಮಗಳೇ, ನನ್ನ ಬಿಡಿಸಕ್ಕೆ ಬಂದ್ಯಾ?" ಅಂದಳು. ಹೂಂ ಅಂದೆ. ಹೂಂ ಅಂದುಬಿಟ್ಟೆ.

ಅಂಗಳದಲ್ಲಿ ಅವಳ ಗಾಡಿ. ಬಾಳೆಹಣ್ಣು ಕಪ್ಪಾಗಿ ನೊಣ ಮುತ್ತಿತ್ತು. ಚೆನ್ನಾಗಿದ್ದ ಸೇಬಿನ ಜಾಗ ಖಾಲಿ. ಮೆಟ್ಟಿಲ ಮೇಲೆ ಕಾನ್ಸ್‌ಟೇಬಲ್ ಒಬ್ಬ ಕಿತ್ತಳೆ ಸುಲಿಯುತ್ತಾ ಕೂತಿದ್ದ.

ಮಾರ್ಚ್ 26, ಬುಧವಾರ

ಬರೆಯಲು ಮನಸ್ಸಿರಲಿಲ್ಲ.

ಹಣ್ಣಿನಮ್ಮನನ್ನು ಆವತ್ತೇ ಸಂಜೆ ಬಿಟ್ಟರು, ಕೇಸು ಇಲ್ಲ. ಭಾವನಿಗೂ ಸ್ಪ್ರಿಂಗ್‌ಗೂ ನನಗೂ ದಂಡ. ಕೋರ್ಟಿನ ಕಿಟಕಿಯಲ್ಲಿ ಕಟ್ಟಿದೆವು, ಅರ್ಜಿಗೆ ಸ್ಟ್ಯಾಂಪು ತೆಗೆದುಕೊಂಡಷ್ಟೇ ಸಲೀಸು. ಸ್ಪ್ರಿಂಗ್ ದೊಡ್ಡ ನೋಟು ಕೊಟ್ಟ. ಗುಮಾಸ್ತ ಚಿಲ್ಲರೆ ಇಲ್ಲ ಅಂದ. ಇಬ್ಬರೂ ನಕ್ಕರು.

ಭಾವ ನಗಲಿಲ್ಲ. ಮನೆಗೆ ಬಂದವರು ಮಲಗಿಬಿಟ್ಟರು. ನನ್ನ ಜೊತೆ ಮಾತಿಲ್ಲ, ಪ್ರೆಸ್ಸಿಗೆ ಬರಬೇಡ ಅಂತಲೂ ಹೇಳಿಲ್ಲ. ಹೋಗುತ್ತೇನೆ. ಕೂರುತ್ತೇನೆ. ಕೆಲಸವನ್ನು ಮಷಿನ್ ಅಣ್ಣನ ಕೈಯಲ್ಲಿ ಕಳಿಸುತ್ತಾರೆ.

ಅಕ್ಕ ಒಂದೇ ಒಂದು ಮಾತು ಆಡಿದಳು, ಆವತ್ತು, ಅಡುಗೆಮನೆಯಲ್ಲಿ, ಬೆನ್ನು ಹಾಕಿಕೊಂಡು.

"ನಿನ್ನ ಕೈ ತೊಳ್ಕೊಳ್ಳೋಕೆ ನಮ್ಮ ಮುಖಕ್ಕೆ ಮಸಿ ಬಳಿದೆ."

ಆಮೇಲೆ ಇಲ್ಲ. ಊಟ ಮೆಟ್ಟಿಲ ಮೇಲೆ ಇಟ್ಟಿರುತ್ತಾಳೆ, ಮುಚ್ಚಳ ಮುಚ್ಚಿ. ಬಿಸಿಯಾಗಿಯೇ ಇರುತ್ತದೆ. ಅದು ಇನ್ನೂ ಕಷ್ಟ.

ಇನ್ನು ಶೋರೂಮ್. ಕೇಸಿನ ಸುದ್ದಿ ಪೇಪರಿನಲ್ಲಿ ಬಂತು, ಅಂಗಡಿಯ ಹೆಸರಿನ ಸಮೇತ. ಭಾನುವಾರ ಅದರ ಮುಂದೆ ಹಾದುಹೋದೆ — ಜನವೋ ಜನ. ಬಾಗಿಲಲ್ಲಿ ಬೋರ್ಡು: 'ನಮ್ಮ ನೋಟು ಸುಳ್ಳು, ನಮ್ಮ ನಿದ್ದೆ ನಿಜ.' ಅಲ್ಲೇ ಉಗಿಯಬೇಕು ಅನ್ನಿಸಿತು. ಬಾಯಿ ಒಣಗಿತ್ತು.

ಏಪ್ರಿಲ್ 2, ಬುಧವಾರ

ಗಾಡಿ ಮೂಲೆಗೆ ವಾಪಸ್ ಬಂದಿದೆ. ದೂರದಿಂದ ಕಂಡು ಜೀವ ಬಂದ ಹಾಗಾಯಿತು. ಹತ್ತಿರ ಹೋದೆ.

"ಏನು ಬೇಕಿತ್ತು ಮೇಡಂ?"

ಮೇಡಂ. ದ್ರಾಕ್ಷಿ ಅಂದೆ. ತೂಗಿದಳು. ಹುಳಿ ಸಿಹಿ ಅಂತ ಏನೂ ಅನ್ನಲಿಲ್ಲ. ಸುಮ್ಮನೆ ಹೋಗಬಹುದಿತ್ತು. ಕ್ಷಮಿಸಮ್ಮ ಅಂದೆ.

ಅವಳು ತಕ್ಕಡಿ ಬಟ್ಟಲು ಒರೆಸುತ್ತಾ ಹೇಳಿದಳು, ಜೋರಾಗೇನಲ್ಲ. "ನೀವು ಬಂದು ಹೇಳಿದ್ರಿ, ಅದಕ್ಕೆ ಹೊರಗೆ ಬಂದೆ. ಇಲ್ಲ ಅನ್ನಲ್ಲ. ಬರೆದೋರೂ ನೀವೇ ಅಂತ ಆಮೇಲೆ ಗೊತ್ತಾಯ್ತು. ನನ್ನ ಸೊಸೆ ಕೇಳ್ತಾಳೆ, ಅತ್ತೆ, ನಿಜವಾಗ್ಲೂ ನಿಮಗೆ ಗೊತ್ತಿರಲಿಲ್ವಾ ಅಂತ. ಮನೆಯೋಳೇ ಕೇಳ್ತಾಳೆ. ಇಷ್ಟು ವರ್ಷ ವ್ಯಾಪಾರ ಮಾಡಿದೋಳಿಗೆ ಗೊತ್ತಾಗಲ್ವಾ ಅಂತ ಮಂಡೀಲೂ ಕೇಳ್ತಾರೆ. ಅದಕ್ಕೆ ಏನು ಹೇಳ್ಲಿ? ನೀವು ಅಷ್ಟು ಚೆನ್ನಾಗಿ ಬರೆದಿದ್ರಿ ಅಂತ ಹೇಳ್ಲಾ?"

 ದ್ರಾಕ್ಷಿ ತಂದೆ. ತಿನ್ನಲಾಗಲಿಲ್ಲ. ಮಷಿನ್ ಅಣ್ಣನಿಗೆ ಕೊಟ್ಟೆ.

ಏಪ್ರಿಲ್ 9, ಬುಧವಾರ. ಸಂಜೆ

ಸ್ಪ್ರಿಂಗ್ ಪ್ರೆಸ್ಸಿಗೆ ಬಂದಿದ್ದ. ನೇರ ನನ್ನ ಮೇಜಿಗೆ. ಕೋಪವಿಲ್ಲ, ತಾಪವಿಲ್ಲ, ಹಳೇ ನೆಂಟನ ಹಾಗೆ ಸ್ಟೂಲ್ ಎಳೆದು ಕೂತ. ನಿಮ್ಮಂಥ ಕೈ ಊರಲ್ಲಿ ಇನ್ನೊಂದಿಲ್ಲ, ಪೊಲೀಸರೇ ಮೋಸಹೋದರು ಅಂದರೆ ನೋಡಿ ಅಂದ. ಹೊಗಳುತ್ತಿದ್ದಾನೆ! ಹೊಸ ಐಡಿಯಾ ತಂದಿದ್ದ: ಕೋರ್ಟಿನ ನೋಟೀಸು. ಬಾಗಿಲ ಕೆಳಗಿಂದ ಮನೆಮನೆಗೂ ತಳ್ಳುವುದು. ಮುದ್ರೆ, ಸಹಿ, ಎಲ್ಲ. ಜನ ಗಾಬರಿಯಿಂದ ಬಿಚ್ಚಬೇಕು. ಬಿಚ್ಚಿದರೆ — 'ನಿಮ್ಮ ಬೆನ್ನುನೋವಿನ ವಿರುದ್ಧ ತೀರ್ಪು.'

"ಇದಕ್ಕೆ ದಂಡ ಎಷ್ಟು ಅಂತ ನೀವೇ ನೋಡಿ ಹೇಳಿ. ಈ ಸಲ ಮೊದಲೇ ಕಟ್ಬಿಡೋಣ."

ಮಾಡಲ್ಲ ಅಂದೆ. ನಕ್ಕ. ನಿಮ್ಮ ಭಾವನ ಹತ್ತಿರ ಮಾತಾಡ್ತೀನಿ ಅಂತ ಎದ್ದ. ಎದ್ದಮೇಲೆ ಸ್ಟೂಲು ಒರೆಸಿದೆ, ಹುಚ್ಚಿಯ ಹಾಗೆ, ಸ್ಪಿರಿಟ್ ಹಾಕಿ. ಮಷಿನ್ ಅಣ್ಣ ನೋಡಿ, ಕೊಡಿ ಇಲ್ಲಿ ಅಂತ ಬಟ್ಟೆ ಇಸಿದುಕೊಂಡು ತಾನು ಒರೆಸಿದ.

ಮನೆಗೆ ಬಂದು ಬಟ್ಟೆ ಜೋಡಿಸುತ್ತಿದ್ದೇನೆ. ಬೇರೆ ಕೋಣೆ ನೋಡಬೇಕು. ಹಲ್ಲಿನ ಡಾಕ್ಟರರ ಅಣ್ಣನ ಮನೆಯಲ್ಲಿ ಒಂದು ಖಾಲಿ ಇದೆಯಂತೆ. ಕೆಲಸವೂ ಬೇರೆ. ಅಕ್ಕನಿಗೆ ಹೇಗೆ ಹೇಳುವುದು, ಮಾತೇ ಇಲ್ಲದವಳಿಗೆ...

ಕೆಳಗೆ ಭಾವ ಬಂದರು. ಸ್ಪ್ರಿಂಗ್ ಹೇಳಿದ್ದನ್ನೇ ಅಕ್ಕನಿಗೆ ಒಪ್ಪಿಸುತ್ತಿದ್ದಾರೆ, ಕೇಳಿಸುತ್ತಿದೆ. ವರ್ಷದ ಕೆಲಸ ಅಂತೆ. ನೀನು ಮೇಲೆ ಹೋಗಿ ಹೇಳು ಅಂತಿದ್ದಾರೆ. ಮತ್ತೆ ಅವಳನ್ನೇ.

ಅಕ್ಕನ ದನಿ. ಸಣ್ಣಗೆ ಶುರುವಾಯಿತು, ಈಗ ಜೋರು. ಅವಳು ಭಾವನ ಮುಂದೆ ಹೀಗೆ ಮಾತಾಡಿದ್ದು ನಾನು ಕೇಳಿಯೇ ಇಲ್ಲ.

"ಆವತ್ತು ನಾನೇ ಹೋಗಿ ಅವಳನ್ನ ಒಪ್ಪಿಸಿದೆ. ನೀವು ಕಳಿಸಿದ್ರಿ, ನಾನು ಹೋದೆ. ಆ ಹಣ್ಣಿನವಳು ಈಗ ನನ್ನ ಮುಖ ನೋಡಲ್ಲ. ನನ್ನ ತಂಗೀನ ನಾನು ಮೆಟ್ಟಿಲ ಮೇಲೆ ಉಣ್ಣೋ ಹಾಗೆ ಮಾಡಿದೀನಿ. ಇನ್ನು ನಾನು ಮೇಲೆ ಹೋದ್ರೆ ಅವಳ ಹತ್ತಿರ ಇರೋಕೆ ಹೋಗ್ತೀನಿ. ಇದನ್ನ ಹೇಳೋಕಲ್ಲ."

ಪಾತ್ರೆಯೊಂದು ಬಿತ್ತು. ಬಿತ್ತೋ, ಎಸೆದರೋ. ಭಾವ ಕೂಗುತ್ತಿದ್ದಾರೆ. ಅಕ್ಕ ಸುಮ್ಮನಾಗಿಲ್ಲ. ಅವಳೊಬ್ಬಳೇ ಅಲ್ಲಿ, ನಾನಿಲ್ಲಿ ಕೂತು ಬರೆಯುತ್ತಾ — ಸಾಕು, ಕೆಳಗೆ ಹೋಗಿ ಅವಳ ಪಕ್ಕ ನಿಲ್ಲಬೇಕು.